ಬೇಲಿಗೆ ಬೋರ್ಡು ಹಾಕಿದ ಬಾಯಾರು

ಕಳೆದ ಚಳಿಗಾಲದಲ್ಲಿ ನಮ್ಮ ಪಕ್ಕದ ಮನೆಯ ಬಾಯಾರು ತೀರಿಕೊಂಡಾಗ ಅವರು ಪಾಠ ಹೇಳುತ್ತಿದ್ದ ಚಿಕ್ಕೋಡಿಯ ಕಾಲೇಜಿನಲ್ಲಿ ಒಂದು ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ನಾನೂ ಹೋಗಿ ಹಿಂದಿನ ಸಾಲಿನಲ್ಲಿ, ಫ್ಯಾನಿನ ಗಾಳಿ ತಾಗದ ಜಾಗ ನೋಡಿ ಕೂತಿದ್ದೆ. ಮಾತಾಡಿದ ನಾಲ್ವರೂ ಒಂದೇ ಮಾತು ಹೇಳಿದರು. ಇವರು ನಮ್ಮ ಬೇಲಿಯ ಗಿಡದಲ್ಲಿ ಸ್ತನ ಕ್ಯಾನ್ಸರಿಗೆ ಔಷಧ ಕಂಡುಹಿಡಿದ ಮಹಾತಾಯಿ ಎಂದರು. ನಾಲ್ಕನೆಯವರು ಅದನ್ನೇ ಇನ್ನಷ್ಟು ದೊಡ್ಡ ದನಿಯಲ್ಲಿ ಹೇಳುವಾಗ ನಾನು ಫೋಟೋದ ಕಡೆ ನೋಡಿದೆ. ಬಾಯಾರು ಹಾರ ಪಕ್ಕಕ್ಕೆ ಸರಿಸಿ, ಕನ್ನಡಕ ಮೇಲೇರಿಸಿ, "ಬಟ್ಟಲದಾಗ ಸರ್, ಬರೇ ಬಟ್ಟಲದಾಗ" ಎನ್ನುತ್ತ ಮೈಕು ಕಸಿದುಕೊಳ್ಳಲು ಬರುತ್ತಾರೆ ಅನ್ನಿಸಿತು.

ಅವರಂತೂ ಇನ್ನು ಬರಲಾರರು. ಅದಕ್ಕೇ ಈ ತಿದ್ದುಪಡಿಯನ್ನು ನಾನು ಬರೆಯುತ್ತಿದ್ದೇನೆ. ಅವರು ಔಷಧ ಕಂಡುಹಿಡಿಯಲಿಲ್ಲ. ಕಂಡುಹಿಡಿಯಲಿಲ್ಲ ಎಂದು ಊರಿಗೆಲ್ಲ ತಿಳಿಸಿ ಹೇಳುವುದರಲ್ಲೇ ಅವರ ಅರ್ಧ ಆಯುಷ್ಯ ಹೋಯಿತು.

ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆಲ್ಲ ಬಾಯಾರು ಅನ್ನುತ್ತೇವೆ. ಇವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದರು. ಮೂಲತಃ ನಿಪ್ಪಾಣಿಯವರು, ಮುಸಲ್ಮಾನರು, ಮದುವೆಯಾದವರಲ್ಲ. ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಒಂದು ಪುಟ್ಟ ಭೂತಗನ್ನಡಿ ಯಾವಾಗಲೂ ತೂಗುತ್ತಿತ್ತು. ನಾನು ಹೊಸ ಸೊಸೆಯಾಗಿ ಬಂದಾಗ ಅದನ್ನು ತಾಯತ ಎಂದು ತಿಳಿದು, ಯಾವ ದರ್ಗಾದ್ದು ಎಂದು ಕೇಳಿಬಿಟ್ಟಿದ್ದೆ. ಅವರು ನಗಲಿಲ್ಲ. ದಾರ ಬಿಚ್ಚಿ ಅದನ್ನು ನನ್ನ ಕಣ್ಣಿಗೆ ಹಿಡಿದು, ಹಿತ್ತಿಲ ಕರಿಬೇವಿನ ಎಲೆಯೊಂದನ್ನು ಬೆಳಕಿಗೆ ಒಡ್ಡಿ ತೋರಿಸಿದರು. ಎಲೆಯ ಮೈತುಂಬ ಸೂಜಿಮೊನೆಯಷ್ಟು ಎಣ್ಣೆಯ ಚುಕ್ಕಿಗಳು ಹೊಳೆಯುತ್ತಿದ್ದವು. ಒಗ್ಗರಣೆಯ ವಾಸನೆ ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದ್ದೆ, ಸಿಸ್ಟರುಗಳು ಕರವಸ್ತ್ರಕ್ಕೆ ಕಸೂತಿ ಹಾಕುವುದರಿಂದ ಹಿಡಿದು ಊಟದ ಮೇಜಿನ ಶಿಸ್ತಿನವರೆಗೆ ಎಲ್ಲ ಕಲಿಸಿದ್ದರು. ಕರಿಬೇವನ್ನು ಬೆಳಕಿಗೆ ಹಿಡಿದು ನೋಡು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಆವತ್ತಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಕಾನ್ವೆಂಟ್, ಒಂದು ಕಪ್ ಚಹಾ ಕೊಡ" ಎಂದೇ ಒಳಗೆ ಬರುತ್ತಿದ್ದರು.

ಅವರ ತಂದೆ ನಿಪ್ಪಾಣಿಯ ತಂಬಾಕಿನ ಗೋದಾಮೊಂದರಲ್ಲಿ ಎಲೆ ತೂಗುವ ಕೆಲಸಕ್ಕಿದ್ದವರು. ಬಾಯಾರು ಇದನ್ನು ಎಲ್ಲರೆದುರೂ ಹೇಳುತ್ತಿದ್ದರು, ಅದೂ ತಮ್ಮದೇ ಧಾಟಿಯಲ್ಲಿ. "ನಮ್ಮಪ್ಪ ಕ್ಯಾನ್ಸರ್ ತರೋ ಎಲಿ ತೂಗಿ ನನ್ನ ಓದಸ್ಯಾನ. ನಾ ಅದನ್ನ ತಗಿಯೋ ಎಲಿ ಹುಡಕಾಕತ್ತೀನಿ. ಅಪ್ಪಗ ರೊಕ್ಕ ಸಿಕ್ತು, ನನಗ ಇನ್ನೂ ಎಲಿ ಸಿಕ್ಕಿಲ್ಲ." ಬೇಸಿಗೆಯ ರಜೆ ಬಂತೆಂದರೆ ಬಟ್ಟೆಯ ಚೀಲದಲ್ಲಿ ಒಣಗಿದ ಎಲೆಗಳನ್ನು ತುಂಬಿಕೊಂಡು ದೂರದ ಒಂದು ಪ್ರಯೋಗಾಲಯಕ್ಕೆ ಬಸ್ಸು ಹತ್ತುತ್ತಿದ್ದರು. ಅಲ್ಲಿ ಗಾಜಿನ ಪುಟ್ಟ ಬಟ್ಟಲುಗಳಲ್ಲಿ ಸ್ತನ ಕ್ಯಾನ್ಸರಿನ ಜೀವಕೋಶಗಳನ್ನು ಬೆಳೆಸಿಟ್ಟಿರುತ್ತಾರಂತೆ. ಎಲೆಯಿಂದ ತೆಗೆದ ಸತ್ವವನ್ನು ಅದಕ್ಕೆ ಹನಿಸಿ, ಜೀವಕೋಶ ಸಾಯುತ್ತವೋ ಬದುಕುತ್ತವೋ ಎಂದು ಕಾಯುವುದು. ಅವರ ಗಿಡದ ಸತ್ವಕ್ಕೆ ಅವು ಸತ್ತವು. ಬಾಯಾರು ಆ ಬಟ್ಟಲಿನ ಕಥೆ ಹೇಳುವಾಗ ಕಣ್ಣು ಅರಳುತ್ತಿತ್ತು, ಮರುಗಳಿಗೆಯಲ್ಲೇ ತಾವೇ ಅದಕ್ಕೆ ನೀರು ಹೊಯ್ದುಬಿಡುತ್ತಿದ್ದರು. "ಬಟ್ಟಲದಾಗ ಫಿನಾಯಿಲ್ ಹಾಕಿದ್ರೂ ಸಾಯ್ತಾವ. ಕುಡಿತೀರೇನು?"

ಅದು ಯಾವ ಗಿಡ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ನಿಮ್ಮೂರಿನ ಬೇಲಿಗಳೂ ಬೋಳಾಗುತ್ತವೆ.

ಮದುವೆ ಮುಂಜಿಗಳಲ್ಲಿ ಬಾಯಾರ ಪಕ್ಕ ಕೂರಲು ಹೆಂಗಸರು ಸ್ವಲ್ಪ ಹೆದರುತ್ತಿದ್ದರು. ಯಾರಾದರೂ ಆ ಸೊಪ್ಪು ತಿಂದು ಇಂಥವರ ಕಾಯಿಲೆ ವಾಸಿಯಾಯಿತಂತೆ ಎಂದರೆ ಸಾಕು, ಇವರು ಎಲೆಯ ಮೇಲಿನ ಹೋಳಿಗೆ ಬಿಟ್ಟು ವಿಚಾರಣೆಗೆ ಇಳಿಯುತ್ತಿದ್ದರು. ಯಾರಿಗೆ ವಾಸಿಯಾಯಿತು, ಎಷ್ಟು ಮಂದಿ ತಿಂದಿದ್ದರು, ಉಳಿದವರು ಈಗ ಎಲ್ಲಿದ್ದಾರೆ. ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಕಥೆ ಹೇಳಿದವರು ಮಜ್ಜಿಗೆ ತರುವ ನೆಪದಲ್ಲಿ ಎದ್ದಿರುತ್ತಿದ್ದರು.

ಒಮ್ಮೆ ಹಾರೂಗೇರಿಯ ಹತ್ತಿರ ಅವರ ವಿದ್ಯಾರ್ಥಿನಿಯೊಬ್ಬಳ ಹೊಲಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅರಿಷಿಣ ಕುದಿಸುವ ದಿನಗಳು, ಇಡೀ ತೋಟವೇ ಹಬೆಯಲ್ಲಿ ಹಳದಿ ನಾರುತ್ತಿತ್ತು. ಹುಡುಗಿಯ ತಂದೆ ಬಲು ಉತ್ಸಾಹದಿಂದ, ತಮ್ಮ ಅರಿಷಿಣ ಕ್ಯಾನ್ಸರನ್ನೇ ಕೊಲ್ಲುತ್ತದಂತಲ್ಲ ಎಂದು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಹೌದು ಅಂದು, ಶರಬತ್ತು ಕುಡಿದು ಬರುತ್ತಿದ್ದರು. ಬಾಯಾರು, ಅರಿಷಿಣ ಬಟ್ಟಲಲ್ಲಿ ಭಾರೀ ಶೂರ, ಹೊಟ್ಟೆಗೆ ಹೋದ ಮೇಲೆ ರಕ್ತದ ತನಕ ಮುಟ್ಟುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ, ಅದನ್ನು ಮುಟ್ಟಿಸುವ ದಾರಿಯನ್ನೇ ಇನ್ನೂ ಹುಡುಕುತ್ತಿದ್ದಾರೆ ಎಂದು ಅಲ್ಲೇ ಬದುವಿನ ಮೇಲೆ ಕೂತು ಅರ್ಧ ತಾಸು ಬಿಡಿಸಿ ಹೇಳಿದರು. ಆತ ಎಲ್ಲವನ್ನೂ ಕೇಳಿಸಿಕೊಂಡು, ಒಂದು ಚೀಲದ ತುಂಬ ಅರಿಷಿಣ ಕೊಂಬು ತುಂಬಿ ಮುಂದಿಟ್ಟ. "ಕ್ಯಾನ್ಸರಿಗೆ ಬ್ಯಾಡ ಬಿಡ್ರಿ ಬಾಯಾರ. ಬ್ಯಾಳ್ಯಾಗ ಹಾಕ್ರಿ." ವಾಪಸು ಬರುವಾಗ ಬಸ್ಸಿನಲ್ಲಿ ಬಾಯಾರು, ಈ ಮನುಷ್ಯನಿಗೆ ವಿಜ್ಞಾನಿಯ ತಲೆ ಇದೆ ಎಂದು ಮೂರು ಸಲ ಹೇಳಿದರು.

ಅವರಿಗೆ ಪಿಎಚ್‌ಡಿ ಬಂದಾಗ ವಯಸ್ಸು ಐವತ್ತು ದಾಟಿತ್ತು. ಸಣ್ಣ ಪತ್ರಿಕೆಯೊಂದು ಅವರ ಫೋಟೋ ಹಾಕಿ, ಬೇಲಿಯ ಗಿಡದಲ್ಲಿ ಕ್ಯಾನ್ಸರಿಗೆ ಮದ್ದು ಎಂದು ದಪ್ಪ ಅಕ್ಷರದಲ್ಲಿ ಬರೆಯಿತು. ಬಟ್ಟಲಿನ ಮಾತು ಎಲ್ಲೂ ಇರಲಿಲ್ಲ. ವಾರ ಕಳೆಯುವುದರೊಳಗೆ ಅಥಣಿ, ಕಾಗವಾಡ, ಅನಂತಪುರದ ಕಡೆಯಿಂದೆಲ್ಲ ಜನ ಬರತೊಡಗಿದರು. ಬಾಯಾರ ಮನೆಗೆ ಮೂರು ಕಡೆ ಅದೇ ಗಿಡದ ಬೇಲಿ. ಎಲೆ ಹೋಯಿತು, ಕಡ್ಡಿ ಹೋಯಿತು, ಒಬ್ಬರು ಬೇರು ಸಮೇತ ಕಿತ್ತು ಸ್ಕೂಟರಿಗೆ ಕಟ್ಟಿಕೊಂಡು ಹೋದರು. ಆಗ ಬಾಯಾರು ಒಂದು ತಗಡಿಗೆ ಬಿಳಿ ಬಣ್ಣ ಬಳಿದು, ತಮ್ಮ ದುಂಡು ಅಕ್ಷರದಲ್ಲಿ ಬೋರ್ಡು ಬರೆದು ತೂಗುಹಾಕಿದರು. "ಈ ಗಿಡ ಔಷಧ ಅಲ್ಲ. ಎಲೆ ಕೀಳಬೇಡಿರಿ. ಗಂಟು ಕಂಡರೆ ದವಾಖಾನೆಗೆ ಹೋಗಿರಿ." ಬೋರ್ಡು ಹಾಕಿದ ಮೇಲೆ ಜನ ಹೆಚ್ಚಾದರು. ಔಷಧ ಅಲ್ಲದಿದ್ದರೆ ಬೋರ್ಡು ಯಾಕೆ ಹಾಕುತ್ತಿದ್ದರು ಎಂಬುದು ಓಣಿಯ ತರ್ಕ.

ಬಂದವರನ್ನು ಅವರು ಬೈದು ಕಳಿಸಿದ್ದು ನಾನು ನೋಡಿಲ್ಲ. ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು, ಎಷ್ಟು ದಿನದಿಂದ ಇದೆ ಎಂದು ಕೇಳಿ, ಒಂದು ಚೀಟಿಯಲ್ಲಿ ಯಾವ ದವಾಖಾನೆಯಲ್ಲಿ ಯಾವ ವಿಭಾಗಕ್ಕೆ ಹೋಗಬೇಕು ಎಂದು ಬರೆದುಕೊಡುತ್ತಿದ್ದರು. ಅಂಜುವ ಹೆಂಗಸಾಗಿದ್ದರೆ ತಾವೇ ಜೊತೆಗೆ ಹೋಗಿಬರುತ್ತಿದ್ದರು.

ಕೆಲ ತಿಂಗಳಿಗೆ ಗದ್ದಲ ಇಳಿಯಿತು, ಬೇಲಿ ಮತ್ತೆ ಚಿಗುರಿತು. ಆದರೆ ನಮ್ಮ ಕಂಪೌಂಡಿಗೆ ಹೊಂದಿಕೊಂಡ ಮೂಲೆಯಲ್ಲಿ ಮಾತ್ರ ದಿನಾ ಒಂದು ಹಿಡಿ ಎಲೆ ಕಾಣೆಯಾಗುತ್ತಿತ್ತು. ನಾನು ಆಡು ಮೇಯ್ದಿರಬೇಕು ಅಂದೆ. ಬಾಯಾರು ಭೂತಗನ್ನಡಿ ಹಿಡಿದು ಕಡ್ಡಿಗಳನ್ನು ನೋಡಿದರು. ಹರಿದದ್ದಲ್ಲ, ಉಗುರಿನಿಂದ ಚಿವುಟಿದ್ದು, ಕೊತ್ತಂಬರಿ ಸೋಸಿ ರೂಢಿಯಿರುವ ಕೈ ಎಂದರು. ಅಷ್ಟಕ್ಕೆ ಬಿಡಲಿಲ್ಲ. ಎಲೆ ಹೋದ ದಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ, ಹೋಗದ ದಿನ ಒಂದು ಸೊನ್ನೆ. ಎರಡು ತಿಂಗಳ ಗೆರೆ ಸೊನ್ನೆಗಳಾದ ಮೇಲೆ ಒಂದು ಮಧ್ಯಾಹ್ನ ನಮ್ಮ ಅಡಿಗೆಮನೆಗೆ ಬಂದರು. ಸೊನ್ನೆಗಳ ನಡುವೆ ಒಮ್ಮೆ ಆರು ದಿನ, ಇನ್ನೊಮ್ಮೆ ಒಂಬತ್ತು ದಿನ ಬರುತ್ತಿತ್ತು, ಮತ್ತೆ ಆರು, ಮತ್ತೆ ಒಂಬತ್ತು. ಇದು ಯಾವ ಲೆಕ್ಕ ಎಂದು ಗೊಣಗುತ್ತ ಚಹಾಕ್ಕೆ ಕಾಯುವಾಗ ಅವರ ಕಣ್ಣು ನಮ್ಮ ಗೋಡೆಯ ಜೈನ ಕ್ಯಾಲೆಂಡರಿನ ಮೇಲೆ ಬಿತ್ತು.

ನಮ್ಮದು ಜೈನರ ಮನೆ. ಅಷ್ಟಮಿ ಮತ್ತು ಚತುರ್ದಶಿಯ ದಿನ ನಮ್ಮಲ್ಲಿ ಹಸಿರು ತಿನ್ನುವುದಿಲ್ಲ, ಸೊಪ್ಪು ತರಕಾರಿ ಯಾವುದೂ ಒಲೆಗೆ ಬರುವುದಿಲ್ಲ. ಬೇಳೆ, ಕಾಳು, ರೊಟ್ಟಿಯಲ್ಲೇ ಮುಗಿಸುತ್ತೇವೆ. ಬಾಯಾರು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ತಿಥಿಗಳನ್ನು ಒಂದೊಂದಾಗಿ ಎಣಿಸಿದರು. ಎಣಿಸುತ್ತ ಎಣಿಸುತ್ತ ಅವರ ಮುಖದ ನಗು ಇಳಿಯಿತು. ನಾನು ಇನ್ನೂ ತಮಾಷೆಯಲ್ಲೇ ಇದ್ದೆ, ಕಳ್ಳರು ಸಿಕ್ಕರೇನು ಎಂದು ಕೇಳಿದೆ.

"ಆಡಿಗೆ ತಿಥಿ ಗೊತ್ತಿರಂಗಿಲ್ಲ" ಅಂದರು. ಆಮೇಲೆ ದನಿ ತಗ್ಗಿಸಿ, "ಅಕ್ಕಾರ ಎಲ್ಲಿ ಅದಾರ?"

ಅಕ್ಕಾರ ಎಂದರೆ ನನ್ನ ಅತ್ತೆ. ಶೇಡಬಾಳದ ಮಗಳು, ಎಪ್ಪತ್ತರ ಹತ್ತಿರ ವಯಸ್ಸು, ಮಾತಿಗೆ ಕೂತರೆ ಎದುರಿನವರಿಗೆ ಉಸಿರಾಡಲು ಬಿಡದವರು. ಬಾಯಾರಿಗೂ ಅವರಿಗೂ ಮೊದಲಿನಿಂದ ಒಂದು ಬಗೆಯ ಸಲಿಗೆಯ ಜಗಳ. ರಮಜಾನ್ ತಿಂಗಳಲ್ಲಂತೂ ನನಗೆ ದಿನವೂ ನಾಟಕ. ಹೊತ್ತು ಮುಳುಗುವುದರೊಳಗೆ ಅತ್ತೆ ಊಟ ಮುಗಿಸಬೇಕು, ಹೊತ್ತು ಮುಳುಗಿದ ಮೇಲೆಯೇ ಬಾಯಾರು ಉಪವಾಸ ಬಿಡಬೇಕು. ಇವರು ಕೈ ತೊಳೆಯುವಾಗ ಅವರು ಖರ್ಜೂರ ಹಿಡಿದು ಕೂತಿರುತ್ತಿದ್ದರು. ಒಂದೇ ಸೂರ್ಯ ಇಬ್ಬರಿಗೂ ಬೇರೆ ಬೇರೆ ಹುಕುಂ ಕೊಡುತ್ತಾನೆ ಎಂದು ಅತ್ತೆ ಕಿಚಾಯಿಸುತ್ತಿದ್ದರು.

ಆವತ್ತು ಅತ್ತೆ ಹೊರಗಿನ ಕೋಣೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಬಾಯಾರು ಹೋಗಿ ಪಕ್ಕದಲ್ಲಿ ಕೂತು, ಒಂದೆರಡು ಕಾಯಿ ಸುಲಿದು, ನೇರವಾಗಿ ಕೇಳಿದರು.

"ಎಲ್ಲೈತ್ರಿ ಅಕ್ಕಾರ, ಎಡಕೋ ಬಲಕೋ?"

ಅತ್ತೆ ಸುಲಿಯುವ ಕೈ ನಿಲ್ಲಿಸಿದರು. ನನ್ನ ಕಡೆ ನೋಡಿದರು. "ಎಡಕ" ಅಂದರು.

ಎದೆಯಲ್ಲಿ ಗಂಟಾಗಿ ಎರಡು ತಿಂಗಳ ಮೇಲಾಗಿತ್ತಂತೆ. ಮೊದಲು ಹೆಸರುಕಾಳಿನಷ್ಟು ಇದ್ದದ್ದು ಈಗ ಶೇಂಗಾ ಬೀಜದಷ್ಟಾಗಿತ್ತಂತೆ. ಮಗನಿಗೆ ಹೇಳಿದರೆ ಗಾಬರಿಯಾಗುತ್ತಾನೆ, ಡಾಕ್ಟರರಿಗೆ ತೋರಿಸಲು ನಾಚಿಕೆ. ಪಕ್ಕದಲ್ಲೇ ಔಷಧದ ಬೇಲಿ ಇದ್ದಮೇಲೆ ಊರು ಸುತ್ತುವುದೇಕೆ ಎಂದು ದಿನಾ ನಸುಕಿನಲ್ಲಿ ಒಂದು ಹಿಡಿ ಎಲೆ ಚಿವುಟಿ ಅರೆದು ಕುಡಿಯುತ್ತಿದ್ದರು. ನಾನು ಅದೇ ಮನೆಯಲ್ಲಿದ್ದೆ, ಅದೇ ಅರೆಯುವ ಕಲ್ಲನ್ನು ತೊಳೆಯುತ್ತಿದ್ದೆ. ಅದಕ್ಕೆ ಮೆತ್ತಿದ ಹಸಿರನ್ನು ಪುದೀನ ಅಂದುಕೊಂಡಿದ್ದೆ.

ಬೋರ್ಡು ಓದಿರಲಿಲ್ಲವೇ ಎಂದು ಬಾಯಾರು ಕೇಳಿದರು. ಓದಿದ್ದೆ, ಅದು ಮಂದಿಗೆ ಅಂತ ತಿಳಿದೆ ಎಂದು ಅತ್ತೆ ಹೇಳಿದರು. "ಪೇಪರಿನ್ಯಾಗ ನಿಮ್ಮ ಫೋಟೋನ ಇತ್ತಲ್ರಿ ಬಾಯಾರ. ನಿಮ್ಮ ಮಾತ ನಂಬದ ಇನ್ನ್ಯಾರದ ನಂಬ್ಲಿ?"

ಬಾಯಾರು ಕೈಯಲ್ಲಿದ್ದ ಕಾಯಿಯನ್ನು ಸುಲಿಯದೆ ಹಾಗೇ ಕೆಳಗಿಟ್ಟರು. ಬೇಲಿಯಿಂದ ಸ್ಕೂಟರಿಗೆ ಗಿಡ ಕಟ್ಟಿಕೊಂಡು ಹೋದವರ ಬಗ್ಗೆ ನಕ್ಕವರು ಅವರು. ಈಗ ಅವರದೇ ಗಿಡ, ಅವರದೇ ಫೋಟೋ, ಈ ಮನೆಯಲ್ಲಿ ಎರಡು ತಿಂಗಳು ನುಂಗಿತ್ತು. ಎದ್ದು ಹೋದರು. ಹತ್ತು ನಿಮಿಷದಲ್ಲಿ ಒಂದು ದಪ್ಪ ಪುಸ್ತಕ ಎದೆಗೆ ಒತ್ತಿಕೊಂಡು ಬಂದರು. ಅದು ಅವರ ಪಿಎಚ್‌ಡಿ ಪ್ರಬಂಧ, ಕಪ್ಪು ರಟ್ಟು, ಹೊಳೆಯುವ ಅಕ್ಷರ. ಕೊನೆಯ ಅಧ್ಯಾಯ ತೆಗೆದು, ಇಂಗ್ಲಿಷಿನಲ್ಲಿದ್ದುದನ್ನು ಸಾಲುಸಾಲಾಗಿ ಕನ್ನಡ ಮಾಡಿ ಅತ್ತೆಗೆ ಓದಿದರು. ಅತ್ತೆ ಅವರೆಕಾಯಿ ಸುಲಿಯುತ್ತಲೇ ಕೇಳಿದರು. ಬಟ್ಟಲಲ್ಲಿ ಜೀವಕೋಶ ಸತ್ತವು. ಆಮೇಲೆ ಅದೇ ಸತ್ವವನ್ನು ಗಂಟು ಇರುವ ಇಲಿಗಳಿಗೆ ಕೊಟ್ಟರು. ಇಲಿಗಳ ಗಂಟು ಕರಗಲಿಲ್ಲ. ಕೊಡದಿದ್ದ ಇಲಿಗಳಿಗೂ ಕೊಟ್ಟ ಇಲಿಗಳಿಗೂ ಏನೂ ವ್ಯತ್ಯಾಸ ಕಾಣಲಿಲ್ಲ.

"ಇಷ್ಟ ವರ್ಷ ಓದಿ, ಕಡೀಕ ಏನೂ ಆಗ್ಲಿಲ್ಲ ಅಂತ ಬರದೀರೇನ್ರಿ?" ಅತ್ತೆ ಕೇಳಿದರು.

"ಹೌದ್ರಿ."

"ಅದಕ್ಕ ಡಾಕ್ಟರ್ ಅಂತ ಪದವಿ ಕೊಟ್ರೇನು?"

"ಅದಕ್ಕ ಕೊಟ್ರು."

ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡರು, ಸಿಪ್ಪೆಯೆಲ್ಲ ಚೆಲ್ಲಾಡಿತು. ಆಮೇಲೆ ಪುಸ್ತಕವನ್ನು ಬಾಯಾರ ಕೈಯಿಂದ ತೆಗೆದುಕೊಂಡು, ಇಂಗ್ಲಿಷ್ ಓದಲು ಬಾರದಿದ್ದರೂ ಆ ಕೊನೆಯ ಪುಟದ ಮೇಲೆ ಅಂಗೈ ಆಡಿಸಿದರು. ತನ್ನ ಸೋಲನ್ನು ರಟ್ಟು ಹಾಕಿ ಕಟ್ಟಿಸಿ ಇಟ್ಟುಕೊಂಡಿರುವ ಹೆಂಗಸನ್ನು ಅವರು ಮೊದಲ ಸಲ ಕಂಡದ್ದು. ಮರುದಿನವೇ ಮಿರಜಿನ ದವಾಖಾನೆಗೆ ಬರಲು ಒಪ್ಪಿದರು.

ಪರೀಕ್ಷೆಗಳಾದವು. ಗಂಟು ಕ್ಯಾನ್ಸರಿನದೇ, ಆದರೆ ಇನ್ನೂ ಹರಡಿರಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಮೂರು ವಾರಕ್ಕೊಮ್ಮೆಯಂತೆ ಕೆಲವು ಸಲ ಕೀಮೋ ಕೊಡಬೇಕು ಎಂದರು. ಇಲ್ಲಿ ಅತ್ತೆ ಮತ್ತೆ ಹಟ ಹಿಡಿದರು. ಅವರ ಪ್ರಶ್ನೆ ಡಾಕ್ಟರರಿಗೆ ಅರ್ಥವಾಗಲೇ ಇಲ್ಲ. ಆ ಔಷಧವನ್ನು ಯಾವ ಜೀವ ಕೊಂದು ಮಾಡುತ್ತಾರೆ?

ಬಾಯಾರನ್ನು ಕರೆಸಿದೆವು. ನಾನು ಬಾಗಿಲಲ್ಲೇ ಅವರ ಕೈ ಹಿಡಿದು, ಯಾವ ಜೀವವನ್ನೂ ಕೊಲ್ಲುವುದಿಲ್ಲ ಎಂದುಬಿಡಿ ಎಂದು ಪಿಸುಗುಟ್ಟಿದೆ. ಅವರು ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದುಕೊಂಡೆ. ಒಳಗೆ ಹೋಗಿ ಕೂತವರೇ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕೊಡುವುದು ಎರಡು ಔಷಧ. ಒಂದು ಕಾರ್ಖಾನೆಯಲ್ಲೇ ಹುಟ್ಟಿದ್ದು. ಇನ್ನೊಂದಕ್ಕೆ ಮೂಲ ತಂಪು ಸೀಮೆಯಲ್ಲಿ ಬೆಳೆಯುವ, ಸೂಜಿಯಂಥ ಎಲೆಯ ಒಂದು ಮರ. ಆ ಜಾತಿಯ ಔಷಧವನ್ನು ಮೊದಮೊದಲು ಮರದ ತೊಗಟೆ ಸುಲಿದು ತೆಗೆಯುತ್ತಿದ್ದರು, ಮರ ಸಾಯುತ್ತಿತ್ತು. ಈಗ ಹಾಗಲ್ಲ. ಎಲೆ ತೆಗೆದುಕೊಳ್ಳುತ್ತಾರೆ, ಎಲೆ ಮತ್ತೆ ಚಿಗುರುತ್ತದೆ, ಎಲೆಯ ಸತ್ವವನ್ನು ಕಾರ್ಖಾನೆಯಲ್ಲಿ ತಿದ್ದಿ ಔಷಧ ಮಾಡುತ್ತಾರೆ. ಅದನ್ನು ಬಟ್ಟಲಲ್ಲಿ ನೋಡಿ, ಇಲಿಯಲ್ಲಿ ನೋಡಿ, ಆಮೇಲೆ ಸಾವಿರಾರು ಹೆಂಗಸರಲ್ಲಿ ನೋಡಿದ್ದಾರೆ. "ನನ್ನ ಗಿಡ ಇಲಿ ಹತ್ರನ ನಿಂತುಬಿಡ್ತು ಅಕ್ಕಾರ. ಇದು ದಾಟಿ ಬಂದೈತಿ."

ತನಗೆ ಎಷ್ಟು ಎಲೆ ಬೇಕಾಗುತ್ತದೆ ಎಂದು ಅತ್ತೆ ಕೇಳಿದರು. ಗೊತ್ತಿಲ್ಲ ಎಂದರು ಬಾಯಾರು. ನಾನು ಬಾಗಿಲ ಮರೆಯಲ್ಲಿ ಹಣೆ ಚಚ್ಚಿಕೊಂಡೆ. ಅತ್ತೆ ಮಾತ್ರ, ಮರ ಸಾಯುವುದಿಲ್ಲ ತಾನೇ ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು ಒಪ್ಪಿದರು.

ಮೊದಲ ಕೀಮೋ ಸಾಂಗವಾಯಿತು. ಕೂದಲು ಉದುರಿತು. ಅತ್ತೆ ಕನ್ನಡಿ ನೋಡಿಕೊಂಡು, ನಮ್ಮ ಸನ್ಯಾಸಿನಿ ಮಾತಾಜಿಯವರು ದೀಕ್ಷೆ ತೊಟ್ಟು ಕೈಯಾರೆ ಕೂದಲು ಕಿತ್ತು ಕೇಶಲೋಚ ಮಾಡಿಕೊಳ್ಳುತ್ತಾರೆ, ನನಗೆ ಆ ಧೈರ್ಯ ಇರಲಿಲ್ಲ, ಔಷಧವೇ ಮಾಡಿಕೊಟ್ಟಿತು ಎಂದರು.

ಎರಡನೆಯ ಕೀಮೋದ ದಿನ ಬೆಳಿಗ್ಗೆ ಚೀಲ ಕಟ್ಟಿಯಾಗಿತ್ತು, ಗಾಡಿ ಬಾಗಿಲಿಗೆ ಬಂದಿತ್ತು. ಅತ್ತೆ ಸ್ನಾನ, ಪೂಜೆ, ಊಟ ಎಲ್ಲ ಮುಗಿಸಿ ಮಣೆಯ ಮೇಲೆ ಕೂತವರು ಏಳಲೊಲ್ಲರು. ಆವತ್ತು ಚತುರ್ದಶಿ. ಔಷಧ ಎಲೆಯದು ಎಂದು ಬಾಯಾರೇ ಹೇಳಿದ್ದಾರೆ. ಚತುರ್ದಶಿಯ ದಿನ ಹಸಿರು ಮೈಯೊಳಗೆ ಹೋಗಬಾರದು, ಬಾಯಿಂದ ಹೋದರೇನು, ಸೂಜಿಯಿಂದ ಹೋದರೇನು. ನಮ್ಮವರು ತಾಯಿಯ ಎದುರು ಮೊಣಕಾಲೂರಿ ಕೂತು ಬೇಡಿಕೊಂಡರು. ಆಗ ಅತ್ತೆ ಹೇಳಿದರು. "ಮೈ ನನ್ನದ ತಮ್ಮಾ. ಇಟ್ಟಕೊಂಡರ ನಿಯಮದಾಗ ಇಟ್ಕೋತೀನಿ, ಹೋದರ ನಿಯಮದಾಗ ಹೋಗ್ಲಿ." ದಿನ ತಪ್ಪಿಸಬಾರದು ಎಂದು ಡಾಕ್ಟರರು ಕಟ್ಟುನಿಟ್ಟಾಗಿ ಹೇಳಿದ್ದರು. ಈ ತಿಥಿಗೆ ಬಿಟ್ಟರೆ ಮುಂದೆ ಯಾವ ಯಾವ ತಿಥಿಗೆ ಬಿಡುತ್ತಾರೋ ಎಂಬ ಭಯ ನನಗೆ.

ನಾನು ಓಡಿಹೋಗಿ ಬಾಯಾರನ್ನು ಕರೆದೆ. ಅವರು ಕಾಲೇಜಿಗೆ ಹೊರಟು ನಿಂತಿದ್ದರು. ದಾರಿಯಲ್ಲೇ ಕೈಮುಗಿದು ಬೇಡಿದೆ. ಇದೊಂದು ಸಲ ಸುಳ್ಳು ಹೇಳ್ರಿ, ಎಲಿದು ಅಲ್ಲ, ಕಾರ್ಖಾನಿದು, ನಾ ತಪ್ಪ ಹ್ಯಾಳಿದ್ದೆ ಅಂತ ಅನ್ರಿ. ಒಂದು ಸುಳ್ಳಿಂದ ಜೀವ ಉಳೀತೈತಿ. ಬಾಯಾರು ನಿಂತರು. ಅವರ ಕಣ್ಣಲ್ಲೂ ನೀರಿತ್ತು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ, ಆದರೆ ಅವರು ಒಪ್ಪುತ್ತಿರಲಿಲ್ಲ.

"ಇವತ್ತ ಸುಳ್ಳ ಹೇಳಿದ್ರ ಇವತ್ತಿಂದು ನಡೀತೈತಿ, ಕಾನ್ವೆಂಟ್" ಅಂದರು. "ನಾಳೆ ಅಕ್ಕಾರ ಯಾರ್ನ ಕೇಳಬೇಕು?"

ಒಳಗೆ ಬಂದವರು ಅತ್ತೆಯ ಹತ್ತಿರ ಹೋಗಲಿಲ್ಲ. ಸೀದಾ ಅಡಿಗೆಮನೆಗೆ ಹೋಗಿ ನನ್ನ ಮಸಾಲೆ ಡಬ್ಬಿ ತೆಗೆದರು. ಒಂದು ಅರಿಷಿಣದ ಕೊಂಬು, ಒಂದು ಒಣ ಶುಂಠಿಯ ತುಂಡು ಅಂಗೈಯಲ್ಲಿ ಇಟ್ಟುಕೊಂಡು ಅತ್ತೆಯ ಎದುರು ಕೂತರು.

"ಇವತ್ತ ಚತುರ್ದಶಿ ಹೌದಲ್ರಿ ಅಕ್ಕಾರ. ಮುಂಜಾನಿ ಬ್ಯಾಳ್ಯಾಗ ಅರಿಷಿಣ ಹಾಕೀರೇನು?"

"ಹಾಕೀವ್ರಿ. ಅರಿಷಿಣ ಹಾಕದ ಬ್ಯಾಳಿ ಮಾಡ್ತಾರೇನು?"

"ಹಸಿ ಅರಿಷಿಣ ತಿಂತೀರೇನು?"

"ಗಡ್ಡೀ ಅದು. ಹೆಂಗ ತಿನ್ನೂದು?"

"ಮತ್ತ ಇದು?"

"ಒಣಗಿಸಿದ್ದು ನಡೀತದಲ್ರಿ" ಎಂದು ಅತ್ತೆ ಹೇಳಿದರು. ಹೇಳಿ ಬಾಯಾರ ಅಂಗೈಯನ್ನೇ ನೋಡುತ್ತ ಕೂತರು. ನೆಲದೊಳಗಿನ ಹಸಿ ಗಡ್ಡೆ ನಮಗೆ ವರ್ಜ್ಯ. ಆದರೆ ಅದೇ ಅರಿಷಿಣ, ಅದೇ ಶುಂಠಿ ಬಿಸಿಲಲ್ಲಿ ಒಣಗಿ ಬಂದರೆ ನಮ್ಮ ಹಿರಿಯರು ತಲೆತಲಾಂತರದಿಂದ ಉಣ್ಣುತ್ತ ಬಂದಿದ್ದಾರೆ.

"ಆ ಮರದ ಎಲಿನೂ ಒಣಗಿಸ್ತಾರ ಅಕ್ಕಾರ. ಒಣಗಿಸಿ, ಪುಡಿ ಮಾಡಿ, ಆಮ್ಯಾಲ ಸತ್ವ ತಗೀತಾರ. ಹಸಿದು ಅಲ್ಲ ಅದು."

"ಖರೇನ?"

"ಖರೇ."

"ಬಿಸಲಾಗ ಒಣಗಸ್ತಾರೋ, ನೆಳ್ಳಾಗೋ?"

 ಬಿಸಿಲಲ್ಲಿ ಅಂದುಬಿಟ್ಟರೆ ತಂಟೆ ಮುಗಿಯುತ್ತಿತ್ತು. ಬಾಯಾರು ಅಂಗೈಯ ಕೊಂಬನ್ನೊಮ್ಮೆ ತಿರುವಿ ನೋಡಿದರು.

"ಅದು ನನಗ ಗೊತ್ತಿಲ್ರಿ."

ಅತ್ತೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು, ಅರಿಷಿಣದ ಕೊಂಬನ್ನು ಬಾಯಾರ ಕೈಯಿಂದ ತೆಗೆದು ನನ್ನ ಕೈಗೆ ಕೊಟ್ಟು ಡಬ್ಬಿಗೆ ಹಾಕು ಎಂದರು, ಚಪ್ಪಲಿ ಮೆಟ್ಟಿಕೊಂಡು ಗಾಡಿ ಹತ್ತಿದರು. ಕಿಟಕಿಯಿಂದ ತಲೆ ಹೊರಹಾಕಿ, ಬಾಯಾರು ನೆಳ್ಳಾಗ ಅಂತ ಅಂದಿದ್ದರೂ ಬರ್ತಿದ್ದೆ, ಸುಮ್ಮ ಕೇಳಿದೆ ಎಂದರು. ಅದು ನಿಜವೋ ಅಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ಬಾಯಾರಿಗೆ ಆವತ್ತು ಮೊದಲ ಪಾಠದ ಗಂಟೆ ತಪ್ಪಿತು.

ಉಳಿದ ಕೀಮೋಗಳು ಯಾವ ತಿಥಿಗೆ ಬಂದವೋ ಯಾರೂ ನೋಡಲಿಲ್ಲ. ಅತ್ತೆ ಸೊರಗಿದರು, ಬಾಯಿಗೆ ರುಚಿಯಿಲ್ಲ ಎನ್ನುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ನಿದ್ದೆಯೇ ಬಾರದಾಗಿತ್ತು. ಕಣ್ಣು ಮುಚ್ಚಿ ಮಲಗಿದ್ದರೂ ಕೈಯಲ್ಲಿ ಜಪಮಣಿ ಓಡುತ್ತಲೇ ಇರುತ್ತಿತ್ತು. ಬಂದ ಬಂದ ನೆಂಟರು, ಏನೂ ಆಗುವುದಿಲ್ಲ, ಎಲ್ಲ ಹೋಗಿಬಿಟ್ಟಿದೆ, ಇನ್ನು ನೂರು ವರ್ಷ ಎಂದು ಧೈರ್ಯ ಹೇಳಿ ಹೋಗುತ್ತಿದ್ದರು. ನಾನೂ ಅದನ್ನೇ ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಅತ್ತೆ ಹೂಂ ಎನ್ನುತ್ತಿದ್ದರು, ಮಣಿ ಸರಿಸುತ್ತಿದ್ದರು.

ಈಗಲೂ ನಾವು ತಪಾಸಣೆಗೆ ಹೋಗಿಬರುತ್ತೇವೆ, ಅತ್ತೆ ಈಗಲೂ ಎದುರಿನವರಿಗೆ ಉಸಿರಾಡಲು ಬಿಡುವುದಿಲ್ಲ. ಆದರೆ ಬಾಯಾರು ಎಂದಾಗ ನನಗೆ ನೆನಪಾಗುವುದು ಎಲ್ಲ ಮುಗಿದ ಮೇಲೆ ಮೊದಲ ಪರೀಕ್ಷೆಯ ವರದಿ ಬಂದ ಮಧ್ಯಾಹ್ನ.

ವರದಿ ಇಂಗ್ಲಿಷಿನಲ್ಲಿತ್ತು. ನಾನು ಓದಿ, ಎಲ್ಲ ಚಂದ ಐತಿ ಅತ್ತಿ, ಗುಣ ಆಗಿ ಹೋತು ಎಂದೆ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬಾಯಾರು ಬರುವ ತನಕ ಮಡಿಲಲ್ಲಿ ಇಟ್ಟುಕೊಂಡು ಕೂತರು. ಬಾಯಾರು ಬಂದು, ಮೊದಲು ಒಂದು ಸಲ ಓದಿ, ಕನ್ನಡಕ ಒರೆಸಿ, ಇನ್ನೊಂದು ಸಲ ಓದಿದರು. ಕೆಳಗಿನ ಸಣ್ಣಕ್ಷರಗಳಿಗೆ ಭೂತಗನ್ನಡಿಯನ್ನೂ ಹಿಡಿದರು.

"ಹೋತೇನ್ರಿ ಬಾಯಾರ?"

"ಈಗ ಎಲ್ಲೂ ಕಾಣವಲ್ದು ಅಕ್ಕಾರ."

"ಮತ್ತ ಬರ್ತೈತೇನು?"

ನಾನು ಅತ್ತೆಯ ಹಿಂದೆ ನಿಂತು ಕೈಸನ್ನೆ, ಕಣ್ಸನ್ನೆ ಎಲ್ಲ ಮಾಡಿದೆ. ಬಾಯಾರು ನನ್ನ ಕಡೆ ನೋಡಲೇ ಇಲ್ಲ.

"ಬರಬಾರ್ದು ಅಂತನ ಇಷ್ಟೆಲ್ಲ ಮಾಡ್ಯಾರ. ಬರ್ತೈತೋ ಇಲ್ಲೋ, ಅದು ನನಗ ಗೊತ್ತಿಲ್ರಿ."

ಅತ್ತೆ ವರದಿಯನ್ನು ವಾಪಸು ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಎಷ್ಟೋ ತಿಂಗಳ ನಂತರ ಅತ್ತೆಯ ತುಟಿಯ ಮೂಲೆಯಲ್ಲಿ ಆ ಹಳೆಯ ಕಿಡಿಗೇಡಿ ನಗು ಕಾಣಿಸಿತು.

"ನಿಮಗ ಗೊತ್ತಿಲ್ಲಂದ್ರ ಆ ಗಂಟಿಗೂ ಗೊತ್ತಿರಂಗಿಲ್ಲ ಬಿಡ್ರಿ" ಅಂದರು.

ಅದಕ್ಕೆ ಆಧಾರವಿಲ್ಲ ಎಂದು ಬಾಯಾರು ತಿದ್ದಲು ಬಾಯಿ ತೆರೆದರು. ನಾನು ಚಹಾಕ್ಕೆ ನೀರಿಡಲು ಒಳಗೆ ಹೋದೆ. ಮೂರು ಕಪ್ಪು ಹಿಡಿದು ಬಂದಾಗ ಮಾತು ನಿಂತಿತ್ತು. ಅತ್ತೆ ಕೂತಲ್ಲೇ ಬಾಯಾರ ಭುಜಕ್ಕೆ ತಲೆ ಆನಿಸಿ, ವರದಿ ಮಡಿಲಲ್ಲಿ ಹಾಗೇ ಇರುವಂತೆ ಗೊರಕೆ ಹೊಡೆಯುತ್ತಿದ್ದರು. ಜಪಮಣಿ ಬೆರಳಿನಿಂದ ಜಾರಿ ಚಾಪೆಯ ಮೇಲೆ ಬಿದ್ದಿತ್ತು. ಬಾಯಾರು ಅಲುಗಾಡದೆ, ನೆಟ್ಟಗೆ, ಫೋಟೋಕ್ಕೆ ಕೂತವರ ಹಾಗೆ ಕೂತಿದ್ದರು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು, ಕಪ್ಪನ್ನು ಸದ್ದಿಲ್ಲದೆ ಕೆಳಗಿಡು ಎಂದು ಕಣ್ಣಲ್ಲೇ ಹೇಳಿದರು.